ಕ್ರೀಮ್ ಹಚ್ಚೋದು ಶೋಕಿಯಲ್ಲ

ನಮ್ಮ ಚಳ್ಳಕೆರೆ ಕಡೆ ಮೈಗೆ ಕ್ರೀಮ್ ಹಚ್ಚಿಕೊಳ್ಳುವುದನ್ನು ಇವತ್ತಿಗೂ ಶೋಕಿ ಅಂತಲೇ ನೋಡುತ್ತಾರೆ. ಮದುವೆ ವಯಸ್ಸಿಗೆ ಬಂದ ಹುಡುಗಿ ಹಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ. ಎಪ್ಪತ್ತು ದಾಟಿದ ಗಂಡಸು ಜಗುಲಿ ಮೇಲೆ ಕಾಲು ಚಾಚಿ ಕೂತು ಕ್ರೀಮ್ ಸವರಿಕೊಂಡರೆ ಮಾತ್ರ ಹೋಗಿ ಬರುವವರೆಲ್ಲ ತಿರುಗಿ ನೋಡುತ್ತಾರೆ. ನಮ್ಮಪ್ಪ ಚರ್ಮದ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದ ದಿನ ನನ್ನನ್ನು ಕೇಳಿದ್ದೂ ಅದನ್ನೇ. "ಈ ವಯಸ್ಸಿನಾಗೆ ನನಗ್ಯಾಕಮ್ಮ ಸ್ನೋ, ಪೌಡ್ರು?"

ನಮ್ಮ ಮನೆಯಲ್ಲಿ ಇಸುಬು, ಅಂದರೆ ಚರ್ಮ ಒಣಗಿ ತುರಿಸುವ ಎಕ್ಸಿಮಾ, ಮೂರು ತಲೆಮಾರಿನಲ್ಲೂ ಇದೆ. ಮಗಳಿಗೆ ಕೂಸಾಗಿದ್ದಾಗಲೇ ಕೆನ್ನೆಯಲ್ಲಿ ಶುರುವಾಗಿ, ಆಮೇಲೆ ಮೊಣಕೈ ಮಡಿಕೆಗೆ, ಮಂಡಿಯ ಹಿಂಭಾಗಕ್ಕೆ ಬಂತು. ನನಗೆ ಕೈಬೆರಳುಗಳಲ್ಲಿ. ಅಪ್ಪನಿಗೆ ವಯಸ್ಸಾದ ಮೇಲೆ ಮೊಣಕಾಲಿನ ಕೆಳಗೆ. ಮೂವರಿಗೂ ತುರಿಕೆಯ ಕಾರಣ ಬೇರೆ ಬೇರೆ. ಆದರೆ ಮೂವರಿಗೂ ಡಾಕ್ಟರು ಮೊದಲು ಹೇಳಿದ್ದು ಒಂದೇ ಮಾತು. ಚರ್ಮ ಒಣಗೋಕೆ ಬಿಡಬೇಡಿ, ದಿನಾ ಮಾಯಿಶ್ಚರೈಸರ್ ಹಚ್ಚಿ.

ಕೇಳಲು ಎಷ್ಟು ಸುಲಭ ಅಲ್ವಾ? ಆದರೆ ಇದನ್ನು ಶೋಕಿ ಅಂದುಕೊಂಡವರು ಶುರುವೇ ಮಾಡುವುದಿಲ್ಲ. ಔಷಧಿ ಅಂದುಕೊಂಡವರು ತುರಿಕೆ ನಿಂತ ದಿನವೇ ಡಬ್ಬಿ ಮುಚ್ಚಿ ಎತ್ತಿಡುತ್ತಾರೆ. ಹಲ್ಲುಜ್ಜುವುದನ್ನು ಹಲ್ಲುನೋವು ಬಂದಾಗ ಮಾತ್ರ ಮಾಡುವವರು ಯಾರೂ ಇಲ್ಲ. ಇಸುಬು ಬರುವ ಮೈಗೆ ಮಾಯಿಶ್ಚರೈಸರ್ ಕೂಡ ಹಾಗೆ ದಿನದ ಕೆಲಸಗಳಲ್ಲಿ ಸೇರಿಹೋಗಬೇಕು. ಚೆನ್ನಾಗಿರುವ ದಿನವೂ ಹಚ್ಚಬೇಕು. ನಾನು ಈ ಬರಹ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮಗಳಿಗೆ ಬಂದ ಮೇಲೆ ಇದು ಯಾಕೆ ಹೀಗೆ ಅಂತ ತಿಳಿದುಕೊಳ್ಳದೆ ಇರಲಾಗಲಿಲ್ಲ. ಚರ್ಮದ ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಸತ್ತ ಜೀವಕೋಶಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ. ಅವುಗಳ ಸಂದಿಯಲ್ಲಿ ಸಿರಮೈಡ್ ಅನ್ನುವ ಜಿಡ್ಡಿನ ಪದಾರ್ಥ, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳು ತುಂಬಿಕೊಂಡಿರುತ್ತವೆ. ಈ ಜೋಡಣೆ ಬಿಗಿಯಾಗಿದ್ದರೆ ಒಳಗಿನ ನೀರು ಒಳಗೇ ಉಳಿಯುತ್ತದೆ. ಇಸುಬು ಬರುವ ಮೈಯಲ್ಲಿ ಅದು ಸಡಿಲ. ನೀರು ಆವಿಯಾಗಿ ಹೋಗುತ್ತದೆ. ಸೋಪು, ಧೂಳು, ಸೂಕ್ಷ್ಮಜೀವಿಗಳು ಒಳಗೆ ನುಗ್ಗುತ್ತವೆ. ಮೈಯ ರೋಗನಿರೋಧಕ ವ್ಯವಸ್ಥೆ ಕೆರಳುತ್ತದೆ. ಆಗ ತುರಿಕೆ. ತುರಿಸಿದಷ್ಟೂ ಚರ್ಮ ಇನ್ನೂ ಕಿತ್ತುಹೋಗುತ್ತದೆ. ಕಿತ್ತಷ್ಟೂ ತುರಿಕೆ ಜಾಸ್ತಿ.

2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ಇರ್ವಿನ್ ಮೆಕ್ಲೀನ್ ಮತ್ತು ಸಂಗಡಿಗರು ಒಂದು ಮುಖ್ಯ ವಿಷಯ ಕಂಡುಹಿಡಿದರು. ಚರ್ಮದಲ್ಲಿ ಫಿಲಾಗ್ರಿನ್ ಅಂತ ಒಂದು ಪ್ರೋಟೀನ್ ಇದೆ. ಜೀವಕೋಶಗಳು ಚಪ್ಪಟೆಯಾಗಿ ಬಿಗಿಯಾಗಲು ಅದು ಬೇಕು. ಅದೇ ಪ್ರೋಟೀನ್ ಒಡೆದು ಚರ್ಮದಲ್ಲಿ ನೀರು ಹಿಡಿದಿಡುವ ಪದಾರ್ಥಗಳಾಗುತ್ತವೆ. ಅದನ್ನು ತಯಾರಿಸುವ ಜೀನಿನಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಾಧ್ಯತೆ ಹೆಚ್ಚು ಅಂತ ಅವರು ತೋರಿಸಿದರು. ಇಸುಬು ಇರುವ ಎಲ್ಲರಲ್ಲೂ ಈ ದೋಷ ಇರುವುದಿಲ್ಲ. ಆದರೂ "ರಕ್ತ ಕೆಟ್ಟಿದೆ" ಅಂತ ಕೇಳಿ ಕೇಳಿ ಬೇಸತ್ತಿದ್ದ ನನಗೆ ಇದನ್ನು ಓದಿ ಎಷ್ಟೋ ಸಮಾಧಾನವಾಯಿತು. ಮಗಳ ರಕ್ತದಲ್ಲಿ ಕೊಳೆ ಇರಲಿಲ್ಲ. ಅವಳ ಚರ್ಮಕ್ಕೆ ನೀರು ಹಿಡಿದಿಡುವ ಶಕ್ತಿ ಕಡಿಮೆ ಇತ್ತು, ಅಷ್ಟೇ.

ಆ ಶಕ್ತಿಯನ್ನು ಹೊರಗಿನಿಂದ ಸ್ವಲ್ಪ ತುಂಬಿಕೊಡುವುದೇ ಮಾಯಿಶ್ಚರೈಸರಿನ ಕೆಲಸ. ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಫಿನ್ ಚರ್ಮದ ಮೇಲೆ ಪದರವಾಗಿ ಕೂತು ನೀರು ಆವಿಯಾಗದಂತೆ ತಡೆಯುತ್ತವೆ. ಗ್ಲಿಸರಿನ್, ಯೂರಿಯಾ ನೀರನ್ನು ಹಿಡಿದಿಡುತ್ತವೆ. ಕೆಲವು ಕ್ರೀಮಿನಲ್ಲಿ ಸಿರಮೈಡ್ ಕೂಡ ಇರುತ್ತದೆ. ಇಷ್ಟು ಗೊತ್ತಾದರೆ ಯಾವಾಗ ಹಚ್ಚಬೇಕು ಅನ್ನುವುದೂ ಗೊತ್ತಾಗುತ್ತದೆ. ಸ್ನಾನ ಮಾಡಿ, ಟವೆಲಿನಿಂದ ಉಜ್ಜದೆ ಸುಮ್ನೆ ಒತ್ತಿ ಒರೆಸಿ, ಮೈ ಇನ್ನೂ ಪಸೆಪಸೆ ಇರುವಾಗಲೇ ಹಚ್ಚಬೇಕು. ಮೈ ಪೂರ್ತಿ ಆರಿದ ಮೇಲೆ ಹಚ್ಚಿದರೆ ಅರ್ಧ ಲಾಭ ಹೋಯಿತು.

ಮಗಳ ವಿಷಯಕ್ಕೆ ಬರುತ್ತೇನೆ. ಬಾಣಂತನದಲ್ಲಿ ನಮ್ಮವ್ವ ಮಗುವಿಗೆ ಹರಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಕಡಲೆಹಿಟ್ಟು ಹಚ್ಚಿ ಉಜ್ಜಿ, ಕೊನೆಗೆ ಪೌಡರ್ ಹಾಕಿ ಮಲಗಿಸುತ್ತಿದ್ದಳು. ಪ್ರೀತಿಯಿಂದಲೇ ಮಾಡಿದ್ದು. ಆರೋಗ್ಯವಾದ ಚರ್ಮದ ಮಕ್ಕಳು ಇದನ್ನೆಲ್ಲ ತಡೆದುಕೊಳ್ಳುತ್ತವೆ. ಇಸುಬು ಬರುವ ಕೂಸಿಗೆ ಅಷ್ಟು ಬಿಸಿನೀರು, ಅಷ್ಟು ಉಜ್ಜುವುದು, ಮೇಲೆ ಒಣ ಪೌಡರ್, ಮೂರೂ ಆಗುವುದಿಲ್ಲ. ಡಾಕ್ಟರಮ್ಮ ಅವ್ವನನ್ನೇ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಉಗುರುಬೆಚ್ಚಗಿನ ನೀರು. ಐದು ಹತ್ತು ನಿಮಿಷದ ಸ್ನಾನ. ಮಾಮೂಲಿ ಸೋಪಿನ ಬದಲು ವಾಸನೆಯಿಲ್ಲದ ಮೃದು ಕ್ಲೆನ್ಸರ್. ನಮ್ಮ ಸಾಮಾನ್ಯ ಸೋಪು ಕ್ಷಾರೀಯ. ಅದರ ಪಿಎಚ್, ಅಂದರೆ ಆಮ್ಲ ಕ್ಷಾರದ ಅಳತೆ, 9ರಿಂದ 10ರಷ್ಟು ಇರುತ್ತದೆ. ಚರ್ಮಕ್ಕೆ ಬೇಕಾದದ್ದು 5ರ ಆಸುಪಾಸು. ಸೋಪು ಕೊಳೆಯ ಜೊತೆ ಚರ್ಮದ ಜಿಡ್ಡನ್ನೂ ತೊಳೆದುಬಿಡುತ್ತದೆ. ಅವ್ವ ಅವತ್ತಿನಿಂದ ಒಪ್ಪಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಯಾರಾದರೂ ಮರ್ಯಾದೆಯಿಂದ ಕಾರಣ ಹೇಳುವುದು.

ಎಣ್ಣೆ ಬಿಡಬೇಕಾ ಅಂತ ಸುಮಾರು ತಾಯಂದಿರು ನನ್ನನ್ನು ಕೇಳುತ್ತಾರೆ. ಎಣ್ಣೆ ಎಣ್ಣೆಗೂ ವ್ಯತ್ಯಾಸ ಇದೆ. ಫಿಲಿಪ್ಪೀನ್ಸಿನಲ್ಲಿ ಇಸುಬು ಇದ್ದ 117 ಮಕ್ಕಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ವರ್ಜಿನ್ ತೆಂಗಿನೆಣ್ಣೆ ಖನಿಜ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿತು. ಇಂಗ್ಲೆಂಡಿನ ಶೆಫೀಲ್ಡಿನವರು ದೊಡ್ಡವರ ಚರ್ಮದ ಮೇಲೆ ಪರೀಕ್ಷೆ ಮಾಡಿದಾಗ ಆಲಿವ್ ಎಣ್ಣೆಯಿಂದ ಚರ್ಮದ ತಡೆ ಸಡಿಲವಾಯಿತು, ಸೂರ್ಯಕಾಂತಿ ಎಣ್ಣೆಯಿಂದ ಹಾಗಾಗಲಿಲ್ಲ. ಮಗು ಹುಟ್ಟಿದ ಮನೆಗೆ ಉಡುಗೊರೆಯಾಗಿ ಬರುವ ದುಬಾರಿ ಆಲಿವ್ ಎಣ್ಣೆ ಬಾಟಲಿ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ತೆಂಗಿನೆಣ್ಣೆ ಒಗ್ಗುವವರಿಗೆ ತೆಂಗಿನೆಣ್ಣೆ ಒಳ್ಳೆಯದೇ. ಚಳಿಗಾಲದ ಒಣಗಾಳಿಗೆ ಅದೊಂದೇ ಸಾಲದು ಅನ್ನುವುದು ನಮ್ಮ ಮನೆಯ ಅನುಭವ.

ಇನ್ನೊಂದು ವಿಷಯ. ಇಸುಬು ಬಾರದಿರಲಿ ಅಂತ ಹುಟ್ಟಿದ ದಿನದಿಂದಲೇ ಆರೋಗ್ಯವಾದ ಕೂಸಿಗೆ ದುಬಾರಿ ಕ್ರೀಮ್ ಹಚ್ಚುವವರಿದ್ದಾರೆ. ಬ್ರಿಟನ್ನಿನಲ್ಲಿ ಅಲರ್ಜಿಯ ಹಿನ್ನೆಲೆ ಇರುವ ಮನೆಗಳ 1394 ಕೂಸುಗಳ ಮೇಲೆ ಇದನ್ನು ಪರೀಕ್ಷಿಸಿದರು. ಮೊದಲ ವರ್ಷವೆಲ್ಲ ದಿನಾ ಹಚ್ಚಿದರೂ ಎರಡು ವರ್ಷದ ಹೊತ್ತಿಗೆ ಇಸುಬು ಕಡಿಮೆಯಾಗಿರಲಿಲ್ಲ. ಅದರ ಫಲಿತಾಂಶ 2020ರಲ್ಲಿ ಬಂತು. ಬಂದ ಇಸುಬನ್ನು ಹಿಡಿತದಲ್ಲಿಡಲು ಮಾಯಿಶ್ಚರೈಸರ್ ಬೇಕೇ ಬೇಕು. ಬಾರದಂತೆ ತಡೆಯುತ್ತದೆ ಅನ್ನುವ ಜಾಹೀರಾತು ನಂಬಿ ದುಡ್ಡು ಸುರಿಯಬೇಡಿ.

ನಂಜು ಅಂತ ಬದನೆಕಾಯಿ, ಮೊಟ್ಟೆ, ಶೇಂಗಾ ಎಲ್ಲ ನಿಲ್ಲಿಸುವುದು ನಮ್ಮಲ್ಲಿ ಮಾಮೂಲು. ಸಣ್ಣ ಮಕ್ಕಳಲ್ಲಿ ಕೆಲವರಿಗೆ ಆಹಾರದ ಅಲರ್ಜಿ ನಿಜವಾಗಿಯೂ ಇರುತ್ತದೆ. ಅದನ್ನು ಡಾಕ್ಟರು ನೋಡಿ ಹೇಳಬೇಕು. ಊರವರ ಮಾತು ಕೇಳಿ ಬೆಳೆಯುವ ಮಗುವಿನ ತಟ್ಟೆಯಿಂದ ಮೊಟ್ಟೆ, ಹಾಲು ತೆಗೆದರೆ ಮಗು ಸೊರಗುತ್ತದೆ. ನಾಗದೋಷ ಅಂತ ಕುಕ್ಕೆಗೆ ಹರಕೆ ಹೊರುವವರೂ ಇದ್ದಾರೆ. ಹೋಗಿ ಬನ್ನಿ, ಮನಸ್ಸಿಗೆ ನೆಮ್ಮದಿ ಸಿಕ್ಕರೆ ಬೇಡ ಅನ್ನಲು ನಾನ್ಯಾರು? ಆದರೆ ಬ್ಯಾಗಿನಲ್ಲಿ ಮಾಯಿಶ್ಚರೈಸರ್ ಇರಲಿ. ಲಾಡ್ಜಿನ ಸೋಪಿನಲ್ಲಿ ಮಗುವಿಗೆ ಸ್ನಾನ ಮಾಡಿಸಬೇಡಿ.

ನಮ್ಮ ಮೈಬಣ್ಣದ ಬಗ್ಗೆಯೂ ಹೇಳಲೇಬೇಕು. ಪುಸ್ತಕಗಳಲ್ಲಿ ಇಸುಬು ಕೆಂಪಗೆ ಕಾಣುತ್ತದೆ. ನಮ್ಮ ಮಕ್ಕಳಲ್ಲಿ ಅದು ಕಂದು, ನೇರಳೆ, ಬೂದಿ ಬಣ್ಣವಾಗಿ ಕಾಣಬಹುದು. ಎಷ್ಟೋ ಸಲ ಕಣ್ಣಿಗಿಂತ ಕೈಗೇ ಬೇಗ ಗೊತ್ತಾಗುತ್ತದೆ. ಮುಟ್ಟಿದರೆ ಒರಟು, ಬಿಸಿ. ವಾಸಿಯಾದ ಮೇಲೆ ಆ ಜಾಗ ಕಪ್ಪಾಗಿಯೋ ಬಿಳಿಯಾಗಿಯೋ ತಿಂಗಳುಗಟ್ಟಲೆ ಉಳಿಯುತ್ತದೆ. ಮಕ್ಕಳ ಕೆನ್ನೆ ಮೇಲೆ ಬರುವ ಮಂಕು ಬಿಳಿ ಮಚ್ಚೆಗಳಿಗೆ ಕ್ಯಾಲ್ಸಿಯಂ ಕಡಿಮೆ, ಹೊಟ್ಟೆಯಲ್ಲಿ ಹುಳ ಅಂತ ಮಾತ್ರೆ ಕೊಡಿಸುತ್ತಾರೆ. ಬಹಳಷ್ಟು ಸಲ ಅದು ಒಣಚರ್ಮದ ಸೌಮ್ಯ ಇಸುಬೇ ಆಗಿರುತ್ತದೆ. ದಿನಾ ಮಾಯಿಶ್ಚರೈಸರ್ ಹಚ್ಚಿ ಕಾದರೆ ನಿಧಾನವಾಗಿ ಹೋಗುತ್ತದೆ. ಮಚ್ಚೆ ಹಾಲಿನಷ್ಟು ಬಿಳಿಯಾಗಿದ್ದರೆ, ಮುಟ್ಟಿದರೆ ಸ್ಪರ್ಶವೇ ಗೊತ್ತಾಗದಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ತಡಮಾಡದೆ ತೋರಿಸಿ.

ಶಾಲೆಯಲ್ಲಿ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು, ಬೆಂಚಿನ ತುದಿಯಲ್ಲಿ ಒಬ್ಬರೇ ಕೂರುವ ಮಕ್ಕಳನ್ನು ನಾನು ನೋಡಿದ್ದೇನೆ. ಪಕ್ಕದ ಮಗು ತಟ್ಟೆ ಹಂಚಿಕೊಳ್ಳುವುದಿಲ್ಲ. ಅಂಟಿಕೊಳ್ಳುತ್ತೆ ಅನ್ನುವ ಭಯ. ಇಸುಬು ಅಂಟುವುದಿಲ್ಲ. ಚರ್ಮದ ಪಾಠ ಮಾಡುವಾಗ ಯಾರ ಕಡೆಗೂ ಬೆರಳು ಮಾಡದೆ ಈ ಮಾತನ್ನು ತರಗತಿಗೆಲ್ಲ ಗಟ್ಟಿಯಾಗಿ ಹೇಳುತ್ತೇನೆ. ಬೇರೆ ಶಿಕ್ಷಕರೂ ಹೇಳಲಿ ಅಂತ ಆಸೆ.

ಈಗ ಎಷ್ಟು ಹಚ್ಚಬೇಕು ಅನ್ನುವುದು. ಇದರಲ್ಲೇ ಬಹಳಷ್ಟು ಜನ ಸೋಲುತ್ತಾರೆ. ಮೈಯೆಲ್ಲ ಇಸುಬು ಇರುವ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕು ಅನ್ನುತ್ತದೆ ಬ್ರಿಟನ್ನಿನ ಮಾರ್ಗಸೂಚಿ. ನಮ್ಮಲ್ಲಿ ಮನೆಗೆ ತರುವುದು 50 ಗ್ರಾಮಿನ ಟ್ಯೂಬು. ಅದನ್ನೇ ತಿಂಗಳಿಡೀ ಚುಕ್ಕಿ ಚುಕ್ಕಿಯಾಗಿ ಹಚ್ಚಿ, ಏನೂ ಪ್ರಯೋಜನ ಇಲ್ಲ ಅನ್ನುತ್ತಾರೆ. ಕಲೆ ಇರುವ ಕಡೆ ಮಾತ್ರ ಹಚ್ಚಿದರೆ ಸಾಲದು. ಒಣಗುವ ಚರ್ಮಕ್ಕೆಲ್ಲ ಹಚ್ಚಬೇಕು. ದಿನಕ್ಕೆ ಎರಡು ಸಲ ಆದರೂ ಬೇಕು. ಕೂದಲು ಬೆಳೆಯುವ ದಿಕ್ಕಿನಲ್ಲೇ ಮೇಲಿಂದ ಕೆಳಗೆ ಸವರಬೇಕು, ಗಸಗಸ ತಿಕ್ಕಬಾರದು. ಡಬ್ಬಿಯೊಳಗೆ ಕೈ ಹಾಕದೆ ಒಣಗಿದ ಚಮಚದಿಂದ ತೆಗೆದುಕೊಳ್ಳಬೇಕು.

ಯಾವ ಕಂಪನಿಯದು ಒಳ್ಳೆಯದು ಅಂತ ಕೇಳುವವರಿಗೆ ನಾನು ಒಂದು ಅಧ್ಯಯನದ ಕಥೆ ಹೇಳುತ್ತೇನೆ. 2022ರಲ್ಲಿ ಪ್ರಕಟವಾದದ್ದು. ಇಂಗ್ಲೆಂಡಿನಲ್ಲಿ ಇಸುಬು ಇದ್ದ 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್, ಆಯಿಂಟ್‌ಮೆಂಟ್ ಹೀಗೆ ನಾಲ್ಕು ಬಗೆ ಕೊಟ್ಟು ನೋಡಿದರು. ಪರಿಣಾಮದಲ್ಲಿ ನಾಲ್ಕರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿಮ್ಮ ಮಗು ಬೇಸರವಿಲ್ಲದೆ ಹಚ್ಚಿಸಿಕೊಳ್ಳುವುದೇ ನಿಮಗೆ ಒಳ್ಳೆಯದು. ಸುವಾಸನೆ ಮಾತ್ರ ಬೇಡ. ನನ್ನ ಮಗಳಿಗೆ ಬೇಸಿಗೆಯಲ್ಲಿ ಜೆಲ್ಲಿ ಹಚ್ಚಿದರೆ ಬೆವರಿ ತುರಿಕೆ ಜಾಸ್ತಿ ಆಗುತ್ತಿತ್ತು. ಆಗ ತೆಳು ಲೋಷನ್. ಸಂಕ್ರಾಂತಿ ಹೊತ್ತಿನ ಚಳಿಗೆ ಗಟ್ಟಿ ಕ್ರೀಮ್. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಹಚ್ಚಿದರೆ ರಾತ್ರಿಯ ತುರಿಕೆಗೆ ಹಾಯೆನಿಸುತ್ತದೆ. ಯೂರಿಯಾ ಇರುವ ಕ್ರೀಮ್ ಮಕ್ಕಳ ಬಿರಿದ ಚರ್ಮಕ್ಕೆ ಉರಿಯುತ್ತದೆ, ಹುಷಾರು.

ಮಾಯಿಶ್ಚರೈಸರ್ ಒಂದರಿಂದಲೇ ಎಲ್ಲ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇಸುಬು ಕೆರಳಿದಾಗ ಡಾಕ್ಟರು ಸ್ಟೀರಾಯ್ಡ್ ಮುಲಾಮು ಬರೆಯುತ್ತಾರೆ. ಅವರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಲು ಹೆದರಬೇಕಿಲ್ಲ. ದೊಡ್ಡವರ ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬು ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮಾಯಿಶ್ಚರೈಸರ್ ತಪ್ಪದೆ ಹಚ್ಚುವವರಲ್ಲಿ ಇಸುಬು ಮತ್ತೆ ಕೆರಳುವುದು ತಡವಾಗುತ್ತದೆ, ಸ್ಟೀರಾಯ್ಡ್ ಕಡಿಮೆ ಸಾಕಾಗುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 77 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2017ರಲ್ಲಿ ತಂದ ವಿಮರ್ಶೆ ಇದನ್ನು ಹೇಳುತ್ತದೆ.

ನನಗೆ ಸಿಟ್ಟು ಬರುವುದು ಇನ್ನೊಂದು ದಾರಿಯ ಬಗ್ಗೆ. ಮೆಡಿಕಲ್ ಅಂಗಡಿಯಲ್ಲಿ "ತುರಿಕೆಗೆ ಏನಾದ್ರೂ ಕೊಡಿ" ಅಂದರೆ ಸಾಕು, ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಹುಳುಕಡ್ಡಿ ಔಷಧಿ ಮೂರೂ ಬೆರೆತ ಟ್ಯೂಬು ಕೈಗೆ ಬರುತ್ತದೆ. ಮೊದಲ ದಿನವೇ ತುರಿಕೆ ನಿಲ್ಲುತ್ತದೆ. ಹುಳುಕಡ್ಡಿ ಇದ್ದವರಿಗೆ ಒಳಗೊಳಗೇ ಹರಡುತ್ತದೆ. ಮುಖಕ್ಕೆ ಹಚ್ಚಿದವರ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣತೊಡಗುತ್ತದೆ. ಬೆಳ್ಳಗಾಗಲು ಅಂತ ಅದನ್ನೇ ಮುಖಕ್ಕೆ ಹಚ್ಚುವ ಹೆಣ್ಣುಮಕ್ಕಳು ಎಷ್ಟೋ ಜನ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ತಂದಿದೆ. ಆದರೂ ಚೀಟಿ ಕೇಳದೆ ಕೊಡುವುದು ನಿಂತಿಲ್ಲ. ಮಾಯಿಶ್ಚರೈಸರಿಗೆ ನೂರಿನ್ನೂರು ರೂಪಾಯಿ ಕೊಡಲು ಹಿಂದೆಮುಂದೆ ನೋಡುವ ಮನೆಯಲ್ಲಿ ಈ ಟ್ಯೂಬುಗಳ ರಾಶಿಯೇ ಇರುತ್ತದೆ.

ನನ್ನ ಕೈ ಕೆಡಿಸಿದ್ದು ಸೀಮೆಸುಣ್ಣ ಮತ್ತು ನೀರು. ಶಾಲೆಯಲ್ಲಿ ಸೀಮೆಸುಣ್ಣದ ಪುಡಿ ಬೆರಳ ಪಸೆಯನ್ನೆಲ್ಲ ಹೀರುತ್ತದೆ. ಮನೆಗೆ ಬಂದರೆ ಪಾತ್ರೆ, ಬಟ್ಟೆ, ಬೆಳ್ಳುಳ್ಳಿ ಸುಲಿಯುವುದು. ಬೆಳ್ಳುಳ್ಳಿ ಬಹಳ ಹೆಂಗಸರ ಎಡಗೈ ಬೆರಳ ತುದಿಯನ್ನು ಬಿರಿಯುವಂತೆ ಮಾಡುತ್ತದೆ, ಯಾಕೆಂದರೆ ಎಸಳು ಹಿಡಿಯುವುದು ಆ ಕೈಯಲ್ಲಿ. ಉಪ್ಪಿನಕಾಯಿ ಕಲಸುವಾಗ ಕಣ್ಣಲ್ಲಿ ನೀರು ಬರುವಷ್ಟು ಉರಿ. ಕೈ ತೊಳೆದಾಗಲೆಲ್ಲ ಹಚ್ಚಬೇಕು ಅನ್ನುವುದು ಕೈ ಇಸುಬಿನ ನಿಯಮ. ಆದ್ದರಿಂದ ಸಿಂಕಿನ ಹತ್ತಿರ ಒಂದು ಡಬ್ಬಿ, ಸ್ಟಾಫ್ ರೂಮಿನ ಡ್ರಾಯರಿನಲ್ಲಿ ಒಂದು, ದಿಂಬಿನ ಪಕ್ಕ ಒಂದು. ರಾತ್ರಿ ದಪ್ಪಗೆ ಜೆಲ್ಲಿ ಹಚ್ಚಿ ಹತ್ತಿ ಕೈಗವಸು ಹಾಕಿ ಮಲಗುತ್ತೇನೆ. ಪಾತ್ರೆಗೆ ರಬ್ಬರ್ ಗ್ಲೌಸ್, ಅದರ ಒಳಗೆ ಹತ್ತಿಯದು. ಬರೀ ರಬ್ಬರ್ ಹಾಕಿದರೆ ಒಳಗೆ ಬೆವರಿ ಇನ್ನೂ ಕೆಡುತ್ತದೆ.

ಗ್ಲೌಸ್ ಕೊಳ್ಳುವ ಅನುಕೂಲ ನನಗಿದೆ. ನಾಲ್ಕಾರು ಮನೆಯ ಪಾತ್ರೆ ತಿಕ್ಕುವ ಹೆಂಗಸಿಗೆ? ಅವರ ಬೆರಳ ಸಂದಿ ಬಿಳಚಿ ಬಿರಿದಿರುವುದನ್ನು ನಾವು ದಿನಾ ನೋಡುತ್ತೇವೆ. ಮನೆಗೆಲಸಕ್ಕೆ ಬರುವವರಿಗೆ ಗ್ಲೌಸ್ ಮತ್ತು ಒಂದು ದೊಡ್ಡ ಡಬ್ಬಿ ಜೆಲ್ಲಿ ತೆಗೆದುಕೊಡುವುದು ಕೆಲಸ ಕೊಡುವವರ ಜವಾಬ್ದಾರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಸಿಮೆಂಟ್ ಕಲಸುವ ಗಾರೆ ಕೆಲಸದವರ ಕೈಯೂ ಅಷ್ಟೇ. ಹೊಲದಲ್ಲಿ ಕೆಲಸ ಮಾಡುವವರಲ್ಲಿ ಇನ್ನೊಂದು ಬಗೆ ಇದೆ. ಕಾಂಗ್ರೆಸ್ ಗಿಡದ ಅಲರ್ಜಿ. ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಎಲ್ಲ ದಪ್ಪಗಾಗಿ ಕಪ್ಪಾಗುತ್ತದೆ. ಅಂಥವರಿಗೆ ಮಾಯಿಶ್ಚರೈಸರ್ ಜೊತೆಗೆ ಆ ಗಿಡದಿಂದ ದೂರ ಇರುವುದು, ಡಾಕ್ಟರ ಚಿಕಿತ್ಸೆ ಎರಡೂ ಬೇಕು.

ಅಪ್ಪನ ಕಾಲಿಗೆ ಬರೋಣ. ವಯಸ್ಸಾದಂತೆ ಚರ್ಮದಲ್ಲಿ ಜಿಡ್ಡು ಹುಟ್ಟುವುದು ಕಡಿಮೆಯಾಗುತ್ತದೆ. ಬಾಲ್ಯದಲ್ಲಿ ಇಸುಬು ಇರದಿದ್ದವರಿಗೂ ಮೊಣಕಾಲಿನ ಕೆಳಗೆ ಚರ್ಮ ಒಣಗಿ, ಸಣ್ಣ ಗೆರೆಗಳಾಗಿ ಸೀಳಿ, ತುರಿಕೆ ಶುರುವಾಗಬಹುದು. ನಮ್ಮೂರಿನ ಹವೆಯೇ ಒಣ. ಅಪ್ಪನಿಗೆ ಸುಡುಸುಡು ನೀರಿಲ್ಲದೆ ಸ್ನಾನ ಮಾಡಿದಂತೆಯೇ ಅಲ್ಲ. ಮೈಗೆಲ್ಲ ಸೋಪು. ರಾತ್ರಿ ಹೊದೆಯಲು ಕುರಿಯುಣ್ಣೆ ಕಂಬಳಿ. ಚಳ್ಳಕೆರೆಯ ಕಂಬಳಿ ಎಷ್ಟು ಹೆಸರುವಾಸಿಯೋ ಅಷ್ಟೇ ಒರಟು. ಅದನ್ನು ಬಿಡಿ ಅಂತ ಅವರಿಗೆ ಹೇಳುವುದು ನನಗಂತೂ ಸಾಧ್ಯವಿರಲಿಲ್ಲ. ಕಂಬಳಿಯ ಕೆಳಗೆ ಮೆತ್ತನೆಯ ಹತ್ತಿ ದುಪ್ಪಟಿ ಹೊಲಿದುಕೊಟ್ಟೆವು. ನೀರು ಬೆಚ್ಚಗೆ ಮಾತ್ರ. ಸೋಪು ಕಂಕುಳಿಗೆ, ತೊಡೆಸಂದಿಗೆ, ಪಾದಕ್ಕೆ ಸಾಕು. ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರ ಹಾಕಿಸೋಣ ಅಂದ ನನ್ನ ತಮ್ಮ. 2011ರಲ್ಲಿ ಇಂಗ್ಲೆಂಡಿನವರು ಇಸುಬು ಇರುವ 336 ಮಕ್ಕಳ ಮನೆಗಳಲ್ಲಿ ಅದನ್ನು ಪರೀಕ್ಷಿಸಿ, ಇಸುಬಿಗೆ ಲಾಭವಿಲ್ಲ ಅಂತ ಕಂಡುಕೊಂಡಿದ್ದರು. ಆ ದುಡ್ಡು ಉಳಿಯಿತು.

ಆದರೆ ಹಚ್ಚುವವರು ಯಾರು? ವಯಸ್ಸಾದವರಿಗೆ ಬಗ್ಗಿ ಕಾಲಿಗೆ ಸವರಿಕೊಳ್ಳುವುದು ಕಷ್ಟ, ಬೆನ್ನಿಗಂತೂ ಕೈ ಎಟುಕುವುದಿಲ್ಲ. ಮೊದಮೊದಲು ಅಪ್ಪನಿಗೆ ಮಗಳ ಕೈಯಲ್ಲಿ ಕಾಲಿಗೆ ಹಚ್ಚಿಸಿಕೊಳ್ಳಲು ಸಂಕೋಚ. ಆಮೇಲೆ ನನ್ನ ಮಗಳು ಆ ಕೆಲಸ ಹಿಡಿದಳು. ಅವಳಿಗೆ ತುರಿಕೆ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. "ತಾತ, ನಂಗೂ ಅಲ್ಲೇ ತುರಿಸ್ತಿತ್ತು" ಅಂತ ಮಂಡಿಯ ಹಿಂದೆ ಸವರುತ್ತಾಳೆ. ಅವರು ಸುಮ್ಮನೆ ಕಾಲು ಚಾಚುತ್ತಾರೆ.

ಮನೆಯಲ್ಲಿ ವಯಸ್ಸಾದವರಿಗೆ ಹಚ್ಚುವಾಗ ಎರಡು ಎಚ್ಚರ. ಪಾದದಡಿಗೆ ಹಚ್ಚಿದ ಮೇಲೆ ಹಾಗೇ ನಡೆಯಲು ಬಿಡಬೇಡಿ, ಜಾರುತ್ತದೆ. ಬಚ್ಚಲಲ್ಲಂತೂ ಇನ್ನೂ ಜಾಸ್ತಿ. ಎರಡನೆಯದು ಬೆಂಕಿ. ಕ್ರೀಮ್ ನೆಂದ ಬಟ್ಟೆ, ಹಾಸಿಗೆಗೆ ಕಿಡಿ ತಗುಲಿದರೆ ಬೇಗ ಹೊತ್ತಿಕೊಳ್ಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಪ್ಯಾರಫಿನ್ ಇಲ್ಲದ ಕ್ರೀಮಿಗೂ ಇದು ಅನ್ವಯಿಸುತ್ತದೆ. ಬಟ್ಟೆ ಒಗೆದರೂ ಆ ಅಂಶ ಪೂರ್ತಿ ಹೋಗುವುದಿಲ್ಲ. ಕಟ್ಟಿಗೆ ಒಲೆ, ದೇವರ ದೀಪ, ಬೀಡಿ ಇರುವ ನಮ್ಮ ಮನೆಗಳಲ್ಲಿ ಇದನ್ನು ಎಲ್ಲರೂ ತಿಳಿದಿರಬೇಕು. ಅಪ್ಪ ಬೀಡಿ ಸೇದುವುದನ್ನು ಹಾಸಿಗೆಯಿಂದ ಅಂಗಳಕ್ಕೆ ಕಳಿಸಿದ್ದೇವೆ.

ಹಳದಿ ಹೆಪ್ಪು ಕಟ್ಟಿದರೆ, ಕೀವು ಬಂದರೆ, ನೋವಿನ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ಜ್ವರ ಬಂದರೆ ಕ್ರೀಮ್ ಹಚ್ಚುತ್ತಾ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ಕೊನೆಯದು ದುಡ್ಡಿನ ಮಾತು. ವಾರಕ್ಕೆ ಕಾಲು ಕಿಲೋ ಅಂದರೆ ಕೂಲಿ ಮಾಡುವ ಮನೆಗೆ ಅದು ಸಣ್ಣ ಖರ್ಚಲ್ಲ. ಸಿರಮೈಡ್ ಇರುವ ದುಬಾರಿ ಕ್ರೀಮ್ ಕೊಳ್ಳಲಾಗದವರು ಬಿಳಿ ಪೆಟ್ರೋಲಿಯಂ ಜೆಲ್ಲಿ, ಲಿಕ್ವಿಡ್ ಪ್ಯಾರಫಿನ್, ತೆಂಗಿನೆಣ್ಣೆ ಇವುಗಳಲ್ಲೇ ಚೆನ್ನಾಗಿ ನಿಭಾಯಿಸಬಹುದು, ದಿನಾ ಹಚ್ಚಿದರೆ. ಆದರೆ ಅದನ್ನೂ ಕೊಳ್ಳಲಾಗದ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಯೂರಿಯಾ ಕ್ರೀಮ್ ಇದೆ. ಅಂದಮೇಲೆ ಚರ್ಮ ಒಣಗದಂತೆ ನೋಡಿಕೊಳ್ಳುವುದನ್ನು ಶೋಕಿಯ ಲೆಕ್ಕಕ್ಕೆ ಹಾಕುವುದು ಹೇಗೆ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ತಿಂಗಳಿಗಾಗುವಷ್ಟು ಕೊಡುವ ಹಾಗೆ, ಇಸುಬು ಇರುವ ಮಗುವಿಗೆ, ಅಜ್ಜನಿಗೆ, ಪಾತ್ರೆ ತಿಕ್ಕುವ ಹೆಂಗಸಿಗೆ ತಿಂಗಳಿಗಾಗುವಷ್ಟು ಮಾಯಿಶ್ಚರೈಸರ್ ದೊಡ್ಡ ಡಬ್ಬಿಯಲ್ಲಿ ಕೊಡಬೇಕು. ನಮ್ಮ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಡಾಕ್ಟರಿಗೆ ಈ ಸಲವೂ ಇದನ್ನು ಕೇಳುತ್ತೇನೆ. ನಿಮ್ಮ ಊರಿನಲ್ಲಿ ನೀವೂ ಕೇಳಿ.